ಕಂಪ್ಯೂಟರಿನ ಕನ್ನಡಕ್ಕೂ ಬೇಕು ಕೆಂಪು ಶಾಯಿ

"ಕನ್ನಡ ಸಾಲ್ಯಾಗ ಕಲ್ತ್ರ ಮುಂದ ಕಂಪ್ಯೂಟರ್ ಕೆಲಸಕ್ಕ ಹ್ಯಾಂಗ್ರಿ ಸರ್?" ಅಕ್ಕಲಕೋಟದ ಬಸ್ ಸ್ಟ್ಯಾಂಡಿನಲ್ಲಿ ಸೊಲ್ಲಾಪುರದ ಬಸ್ಸಿಗೆ ಕಾಯುತ್ತಿದ್ದಾಗ ತಾಯಿಯೊಬ್ಬರು ಕೇಳಿದರು. ನಾನು ಮುಖ್ಯಾಧ್ಯಾಪಕನಾಗಿದ್ದಾಗ ಪ್ರತಿ ಜೂನ್ ತಿಂಗಳು ಟಿ.ಸಿ. ಕೇಳಲು ಬಂದ ಪಾಲಕರ ಪ್ರಶ್ನೆಯೂ ಇದೇ ಆಗಿತ್ತು. ಆಗ ನಾನು ಮಾತೃಭಾಷೆಯ ಮಹತ್ವ ಹೇಳುತ್ತಿದ್ದೆ. ಅವರು ಕೇಳಿಸಿಕೊಂಡು ಟಿ.ಸಿ. ತೆಗೆದುಕೊಂಡು ಹೋಗುತ್ತಿದ್ದರು.

ಈಗ ನನ್ನಲ್ಲಿ ಬೇರೆ ಉತ್ತರವಿದೆ. ಅದು ನೌಕರಿಯ ಭರವಸೆಯಲ್ಲ. ಆದರೆ ಕಂಪ್ಯೂಟರ್ ಲೋಕದಲ್ಲಿ ಕನ್ನಡ ಬಲ್ಲ ಮಗುವೇ ಚೆನ್ನಾಗಿ ಮಾಡಬಲ್ಲ ಒಂದು ಕೆಲಸವಿದೆ. ಅದು ಮುಕ್ತ ತಂತ್ರಾಂಶಗಳನ್ನು ಪರೀಕ್ಷಿಸುವುದು.

ಮುಕ್ತ ತಂತ್ರಾಂಶ ಎಂದರೆ ಅದರ ಒಳಗಿನ ಬರಹ ಎಲ್ಲರಿಗೂ ತೆರೆದಿರುತ್ತದೆ. ಯಾರು ಬೇಕಾದರೂ ಬಳಸಬಹುದು, ತಿದ್ದಬಹುದು, ತಪ್ಪು ತೋರಿಸಬಹುದು. ಇದು ನಿಮ್ಮ ಮನೆಗೆ ಹೊಸದಲ್ಲ. ಬಾಲಭಾರತಿ ಪುಸ್ತಕದ ಕ್ಯೂಆರ್ ಕೋಡ್ ಸ್ಕ್ಯಾನ್ ಮಾಡಿದರೆ ತೆರೆಯುವ ದೀಕ್ಷಾ, ಸನ್‌ಬರ್ಡ್ ಎಂಬ ಮುಕ್ತ ತಂತ್ರಾಂಶದ ಮೇಲೆ ನಿಂತಿದೆ. ಪತ್ರ, ಪ್ರಶ್ನೆಪತ್ರಿಕೆ ಬೆರಳಚ್ಚು ಮಾಡಲು ಬಳಸುವ ಲಿಬ್ರೆ ಆಫೀಸ್, ಇಂಟರ್‌ನೆಟ್ ನೋಡುವ ಫೈರ್‌ಫಾಕ್ಸ್ ಕೂಡ ಇದೇ ಜಾತಿಯವು. ಇವೆರಡೂ ಕನ್ನಡದಲ್ಲಿ ಸಿಗುತ್ತವೆ, ಹಣ ಕೊಡಬೇಕಿಲ್ಲ.

ಇವುಗಳಲ್ಲಿ ಕನ್ನಡದ ತಪ್ಪು ಏಕೆ ಉಳಿಯುತ್ತದೆ? ನನ್ನ ಓದು ಅರ್ಧ ತಮಿಳಿನಲ್ಲಿ, ಅರ್ಧ ಕನ್ನಡದಲ್ಲಿ ನಡೆದದ್ದರಿಂದ ಇದು ನನಗೆ ಬೇಗ ಹೊಳೆಯಿತು. ತಮಿಳಿನಲ್ಲಿ 'ಅಕ್ಕಾ' ಬರೆಯುವಾಗ ಮೊದಲ 'ಕ'ದ ತಲೆಯ ಮೇಲೆ ಚುಕ್ಕಿ ಇಟ್ಟು, ಮುಂದಿನದನ್ನು ಪಕ್ಕದಲ್ಲೇ ಬರೆಯುತ್ತಾರೆ. ಕನ್ನಡದಲ್ಲಿ ಒತ್ತಕ್ಷರ ಕೆಳಗೆ ಇಳಿಯುತ್ತದೆ. ಅದಕ್ಕೆ ಜಾಗ ಬಿಡದಿದ್ದರೆ ಕತ್ತರಿಸಿ ಹೋಗುತ್ತದೆ. ಒಮ್ಮೆ ಒಂದು ಆಪ್‌ನಲ್ಲಿ ನಮ್ಮ ಊರಿನ ಹೆಸರು 'ಅಕಲಕೋಟ' ಎಂದು ಕಂಡಿತ್ತು. ನಾನು ಬೈದು ಸುಮ್ಮನಾದೆ. ತಯಾರಿಸಿದವರಿಗೆ ಕನ್ನಡ ಬಾರದಿದ್ದರೆ ಅವರಿಗೆ ಅದು ತಪ್ಪೆಂದು ಗೊತ್ತಾಗುವುದು ಹೇಗೆ? ವಿದ್ಯಾರ್ಥಿಯ ಪಟ್ಟಿಯಲ್ಲಿ ಇಂಥ ತಪ್ಪು ಕಂಡಿದ್ದರೆ ಕೆಂಪು ಶಾಯಿಯಲ್ಲಿ ಗುರುತು ಹಾಕುತ್ತಿದ್ದೆ. ಇಲ್ಲಿ ನಾನು ಆ ಕರ್ತವ್ಯ ಮಾಡಲಿಲ್ಲ.

ಇನ್ನೊಂದು ಉದಾಹರಣೆ ಗಡಿನಾಡಿನ ಮಕ್ಕಳಿಗೆ ಬೇಗ ತಿಳಿಯುತ್ತದೆ. ಮರಾಠಿಯಲ್ಲಿ 'ಆಚಾರ್ಯಾಸ' ಎಂದರೆ ಗುರುವಿಗೆ, 'ಆಚಾರ‍್ಯಾಸ' ಎಂದರೆ ಅಡುಗೆಯವನಿಗೆ. 'ರ'ಕಾರ ಬರೆಯುವ ರೀತಿಯಲ್ಲಷ್ಟೇ ವ್ಯತ್ಯಾಸ. ಕನ್ನಡದಲ್ಲೂ 'ಸೂರ್ಯ'ಕ್ಕೆ ಅರ್ಕಾವತ್ತು ಬೇಕು, 'ರ‍್ಯಾಲಿ'ಗೆ ಬೇಡ. ಎರಡನ್ನೂ ಸರಿಯಾಗಿ ತೋರಿಸುತ್ತದೆಯೇ ಎಂಬುದೇ ಒಂದು ಒಳ್ಳೆಯ ಪರೀಕ್ಷೆ.

ಆರಂಭಿಸುವುದು ಹೀಗೆ. ಮೊದಲು ಒಂದೇ ತಂತ್ರಾಂಶ ಆರಿಸಿ. ಲಿಬ್ರೆ ಆಫೀಸ್ 2010ರಲ್ಲಿ ಆರಂಭವಾದ ಯೋಜನೆ. ವರ್ಷಕ್ಕೆ ಎರಡು ದೊಡ್ಡ ಆವೃತ್ತಿಗಳು ಬರುತ್ತವೆ. ಅದಕ್ಕೆ ಮುಂಚೆ ಪ್ರಾಯೋಗಿಕ ಆವೃತ್ತಿಯನ್ನು ಎಲ್ಲರಿಗೂ ಬಿಟ್ಟು, ತಪ್ಪು ಹುಡುಕಿ ಎಂದು ಕೇಳುತ್ತಾರೆ. ಅದರಲ್ಲಿ ಬೀಟಾ ಆವೃತ್ತಿ ಹಾಕಿಕೊಂಡರೆ ಹಳೆಯದರ ಪಕ್ಕದಲ್ಲೇ ಬೇರೆಯಾಗಿ ಇರುತ್ತದೆ. ಫೈರ್‌ಫಾಕ್ಸ್‌ನ ಪ್ರಾಯೋಗಿಕ ಆವೃತ್ತಿಯ ಹೆಸರು ನೈಟ್ಲಿ. ಮನೆಯಲ್ಲಿ ಕಂಪ್ಯೂಟರ್ ಇಲ್ಲದಿದ್ದರೆ ಶಾಲೆಯ ಕಂಪ್ಯೂಟರ್ ಕೋಣೆಯಲ್ಲಿ ಶನಿವಾರ ಒಂದು ತಾಸು ಕೊಡಿರೆಂದು ಮುಖ್ಯಾಧ್ಯಾಪಕರನ್ನು ಕೇಳಿ. ಮುಖ್ಯವಾದ ಕಡತಗಳ ಮೇಲೆ ಪ್ರಯೋಗ ಬೇಡ, ಪ್ರತಿ ಮಾಡಿಕೊಂಡು ಅದರಲ್ಲಿ ಮಾಡಲಿ.

ನಂತರ ಮಗು ತನ್ನ ಕನ್ನಡ ಪಠ್ಯದ ಒಂದು ಪುಟವನ್ನು ಬೆರಳಚ್ಚು ಮಾಡಲಿ. ಅಕ್ಷರ ದೊಡ್ಡದು ಮಾಡಲಿ, ದಪ್ಪ ಮಾಡಲಿ, ಕೋಷ್ಟಕದೊಳಗೆ ಹಾಕಲಿ, ಪಿಡಿಎಫ್ ಮಾಡಲಿ, 'ಅಕ್ಕ' ಎಂದು ಹುಡುಕಲಿ. ನಮಗೆ 'ಅಕ್ಕ' ಎರಡೇ ಅಕ್ಷರ. ಯುನಿಕೋಡ್ ಪ್ರಕಾರ ಕಂಪ್ಯೂಟರಿನಲ್ಲಿ ಅದು ಅ, ಕ, ವಿರಾಮ ಚಿಹ್ನೆ, ಮತ್ತೆ ಕ ಎಂದು ನಾಲ್ಕಾಗಿ ಕೂಡುತ್ತದೆ. ಜೋಡಿಸುವಾಗ, ಅಳಿಸುವಾಗ, ಸಾಲು ಮುರಿಯುವಾಗ ತಪ್ಪು ನುಸುಳುವುದು ಅಲ್ಲಿಯೇ.

ತಪ್ಪು ಕಂಡ ಕೂಡಲೇ ಬರೆಯಬೇಡಿ. ಮತ್ತೆ ಎರಡು ಸಲ ಮಾಡಿ ನೋಡಿ. ಫಾಂಟ್ ಬದಲಿಸಿ ನೋಡಿ, ಏಕೆಂದರೆ ದೋಷ ಫಾಂಟಿನದೂ ಆಗಿರಬಹುದು. ಎರಡೂ ಯೋಜನೆಗಳು ದೋಷಗಳನ್ನು ದಾಖಲಿಸಲು ಬಗ್‌ಜಿಲ್ಲಾ ಎಂಬ ವ್ಯವಸ್ಥೆ ಇಟ್ಟಿವೆ. ಅದೇ ದೋಷವನ್ನು ಬೇರೆಯವರು ಆಗಲೇ ಹೇಳಿದ್ದಾರೆಯೇ ಎಂದು ಅಲ್ಲಿ ಮೊದಲು ಹುಡುಕಿ.

ದೂರು ಬರೆಯುವುದೇ ಇದರ ನಿಜವಾದ ಪಾಠ. "ಕನ್ನಡ ಸರಿ ಬರುತ್ತಿಲ್ಲ" ಎಂದರೆ ಯಾರೂ ತಿದ್ದಲಾರರು. ಹೀಗೆ ಬರೆಯಬೇಕು: ಯಾವ ಆವೃತ್ತಿ, ಕಂಪ್ಯೂಟರಿನಲ್ಲಿ ವಿಂಡೋಸ್ ಇದೆಯೋ ಲಿನಕ್ಸ್ ಇದೆಯೋ, ಯಾವ ಫಾಂಟ್. ಒಂದು, ಹೊಸ ಕಡತ ತೆರೆದೆ. ಎರಡು, ಕೋಷ್ಟಕದಲ್ಲಿ 'ಅಕ್ಕಲಕೋಟ' ಎಂದು ಬರೆದೆ. ಮೂರು, ಪಿಡಿಎಫ್ ಮಾಡಿದೆ. ಒತ್ತಕ್ಷರ ಕಾಣಬೇಕಿತ್ತು, ಕಾಣಲಿಲ್ಲ. ಜೊತೆಗೆ ಪರದೆಯ ಚಿತ್ರ. ವಿಜ್ಞಾನದ ಪ್ರಯೋಗವಹಿಯಲ್ಲಿ ಮಕ್ಕಳು ಬರೆಯುವುದು ಇದನ್ನೇ ಅಲ್ಲವೇ?

ಇದನ್ನು ಇಂಗ್ಲಿಷಿನಲ್ಲಿ ಬರೆಯಬೇಕು. ಹೆದರಬೇಡಿ. ಸಣ್ಣ ಸಣ್ಣ ವಾಕ್ಯ ಸಾಕು, ವ್ಯಾಕರಣಕ್ಕೆ ಯಾರೂ ಅಂಕ ಕಳೆಯುವುದಿಲ್ಲ. ಕನ್ನಡ ಮಾಧ್ಯಮದ ಮಗುವಿಗೆ ಇಂಗ್ಲಿಷ್ ಬಳಸಲು ನಿಜವಾದ ಕಾರಣ ಸಿಗುತ್ತದೆ. ಆ ಕಾರಣ ಅದರ ಕನ್ನಡದಿಂದಲೇ ಹುಟ್ಟಿರುತ್ತದೆ.

ಪಾಲಕರಿಗೆ ಎರಡು ಎಚ್ಚರಿಕೆ. ಖಾತೆಯನ್ನು ನೀವೇ ತೆರೆಯಿರಿ. ಅಲ್ಲಿ ಕೊಟ್ಟ ಇ-ಮೇಲ್ ಬೇರೆಯವರಿಗೂ ಕಾಣಬಹುದು, ಆದ್ದರಿಂದ ಇದಕ್ಕೇ ಬೇರೆ ವಿಳಾಸ ಮಾಡಿ. ಮಗುವಿನ ಫೋಟೋ, ಶಾಲೆಯ ಹೆಸರು, ಮನೆಯ ವಿವರ ಪರದೆಯ ಚಿತ್ರದಲ್ಲಿ ಬಾರದಂತೆ ನೋಡಿಕೊಳ್ಳಿ. ಎರಡನೆಯದು, ತಾಳ್ಮೆ ಬೇಕು. ಕೆಲವೊಮ್ಮೆ ತಿಂಗಳುಗಟ್ಟಲೆ ಉತ್ತರ ಬರುವುದಿಲ್ಲ. "ನಮ್ಮಲ್ಲಿ ಈ ದೋಷ ಕಾಣುತ್ತಿಲ್ಲ" ಎಂದೂ ಹೇಳಬಹುದು. ಆಗ ಇನ್ನೊಮ್ಮೆ ಪರೀಕ್ಷಿಸಿ ಉತ್ತರಿಸುವುದೂ ಕಲಿಕೆಯೇ.

ಇದಕ್ಕೆ ಸಂಬಳವಿಲ್ಲ, ಪ್ರಮಾಣಪತ್ರವೂ ಇಲ್ಲ. ಆದರೆ ಬರೆದ ವರದಿ ದಿನಾಂಕ ಸಹಿತ ಅಲ್ಲಿ ಉಳಿಯುತ್ತದೆ. ದೋಷ ತಿದ್ದಿದ ದಿನ ಬೀದರ, ಬೆಂಗಳೂರು, ಕಾಸರಗೋಡಿನ ಮಕ್ಕಳಿಗೂ ಸರಿಯಾದ ಅಕ್ಷರ ಕಾಣುತ್ತದೆ. ಬಸ್ ಬಂದದ್ದರಿಂದ ಆ ತಾಯಿಗೆ ಇಷ್ಟೆಲ್ಲ ಹೇಳಲಾಗಲಿಲ್ಲ. ಅದಕ್ಕೇ ಇಲ್ಲಿ ಬರೆದೆ. ಬರುವ ಶನಿವಾರ ಮಗುವನ್ನು ಕೂಡಿಸಿಕೊಂಡು ನಿಮ್ಮ ಊರಿನ ಹೆಸರನ್ನು ಕನ್ನಡದಲ್ಲಿ ಬೆರಳಚ್ಚು ಮಾಡಿ ನೋಡಿ. ಒತ್ತಕ್ಷರ ಇದ್ದ ಜಾಗದಲ್ಲೇ ಇದೆಯೇ?