ಡಬ್ಬಿ ಮೇಲಿನ ಮೂರು ಅಕ್ಷರ

ಜವಳಗಿರಿ: ನಮ್ಮ ಕಡೆ ಮನೆಮಾತು ಕನ್ನಡವೋ ತೆಲುಗೋ, ಕಚೇರಿಗೆ ಹೋದರೆ ತಮಿಳು. ಮೂರೂ ಬಾಯಲ್ಲಿ ಸಲೀಸು. ಆದರೂ ನಮ್ಮ ಚಿಕ್ಕಪ್ಪ ಒಮ್ಮೆ ಅವಧಿ ಮೀರಿದ ಔಷಧಿ ತಂದು ಟೊಮೇಟೊಗೆ ಹೊಡೆದರು. ಹುಳ ಸಾಯಲಿಲ್ಲ, ಬೆಳೆ ಹೋಯ್ತು. ಡಬ್ಬಿ ಮೇಲೆ ತಾರೀಕಿತ್ತು, ಪಕ್ಕದ ಇಂಗ್ಲಿಷು ಓದೋಕೆ ಬರಲಿಲ್ಲ.

1988ರ ರಾಷ್ಟ್ರೀಯ ಸಾಕ್ಷರತಾ ಮಿಷನ್ನಿನ ಬೆನ್ನಿಗೆ ತಮಿಳುನಾಡಿನಲ್ಲಿ ಅರಿವೊಳಿ ಇಯಕ್ಕಂ ನಡೆಯಿತು. ಪುದುಕ್ಕೋಟೆಯಲ್ಲಿ ಹೆಂಗಸರು ಅಕ್ಷರದ ಜೊತೆ ಸೈಕಲ್ಲೂ ಕಲಿತರು. ಕಲಿಸಿದ್ದು ತಮಿಳು.

ದೊಡ್ಡವರಿಗೆ ಇಂಗ್ಲಿಷು ಎಲ್ಲಿಂದ ಶುರು ಮಾಡಬೇಕು? ಎಬಿಸಿಡಿ ಬಾಯಿಪಾಠದಿಂದಲ್ಲ, ಗೊತ್ತಿರೋ ಮಾತಿನಿಂದ. ಡಿಎಪಿ ಅನ್ನೋದೇ ಮೂರು ಅಕ್ಷರದ ಹೆಸರು. ಮೂಟೆ ಮುಂದಿಟ್ಟರೆ ಮೂರೂ ಒಂದೇ ಏಟಿಗೆ ಬಂದವು.

ತೊಡಕಿರೋದು ಉಚ್ಚಾರಣೆಯಲ್ಲಿ. ಕನ್ನಡ, ತೆಲುಗಿನಲ್ಲಿ ಬರೆದಂತೆ ಓದ್ತೀವಿ. ಇಂಗ್ಲಿಷಿನ 'ಪುಟ್', 'ಬಟ್' ಎರಡರ ನಡುವೆಯೂ ಅದೇ ಯು. "ಇದೇನು ಮೋಸ?" ಅಂತಾರೆ ಚಿಕ್ಕಪ್ಪ. ತಮಿಳು ಓದಬಲ್ಲವರು ಬೇಗ ಒಪ್ಪುತ್ತಾರೆ. ಅಲ್ಲಿ ಕ, ಗ ಎರಡಕ್ಕೂ ಒಂದೇ ಅಕ್ಷರ ತಾನೆ!

ಡಿಎಪಿಯ ಪಿ ಗೊತ್ತಿತ್ತು; ಇ, ಎಕ್ಸ್ ಕಲಿಯೋಕೆ ಒಂದು ಸಂಜೆ ಸಾಕಾಯ್ತು. ಮೊನ್ನೆ ಅಂಗಡಿಯಲ್ಲಿ ಚಿಕ್ಕಪ್ಪ ಡಬ್ಬಿ ತಿರುಗಿಸಿ, "ಇ, ಎಕ್ಸ್, ಪಿ ಎಲ್ಲೈತಪ್ಪಾ?" ಅಂದರು. ಅಂಗಡಿಯವನು ಮಾತಾಡದೆ ಒಳಗೆ ಹೋಗಿ ಬೇರೆ ಡಬ್ಬಿ ತಂದ.