ಕೊಯ್ದರಾಯಿತೇ, ಒಣಗಬೇಡವೇ?

ಬಸವಾಪಟ್ಟಣದ ಸುತ್ತ ಅಡಿಕೆ ತೋಟ ಇರುವಲ್ಲೆಲ್ಲ ಬದುವಿನ ಮೇಲೆ ಮರ ಇದ್ದೇ ಇರುತ್ತದೆ. ತೇಗ, ಸಿಲ್ವರ್ ಓಕ್, ಬೇವು, ಹಲಸು, ಈಚೆಗೆ ಹೆಬ್ಬೇವು. ಮುಂಗಾರಿನ ಗಾಳಿಗೆ ಒಂದು ಮರ ಉರುಳಿತೆನ್ನಿ, ಅಥವಾ ಮನೆ ಕಟ್ಟುವುದಕ್ಕೆಂದು ಅನುಮತಿ ಪಡೆದು ಒಂದು ತೇಗ ಕಡಿದಿರಿ ಎನ್ನಿ. ಎಂಟು ಅಡಿ ಉದ್ದ, ಒಂದೂವರೆ ಅಡಿ ದಪ್ಪದ ಹಸಿ ದಿಮ್ಮಿ ನಾನೂರು ಕಿಲೋ ಆಸುಪಾಸು ತೂಗುತ್ತದೆ. ಅದನ್ನು ತೋಟದ ಕಾಲುದಾರಿಯಿಂದ ಹೊರಗೆ ಎಳೆದು, ಟ್ರ್ಯಾಕ್ಟರಿಗೆ ಹೇರಿ, ಸಾಮಿಲ್ಲಿಗೆ ಮುಟ್ಟಿಸುವಷ್ಟರಲ್ಲಿ ಆಳು, ಬಾಡಿಗೆ ಎಲ್ಲ ಸೇರಿ ಮರದ ಬೆಲೆಯಲ್ಲಿ ದೊಡ್ಡ ಪಾಲೇ ಕರಗಿರುತ್ತದೆ. ಸಾಗಿಸುವ ಖರ್ಚಿಗೆ ಹೆದರಿ ಒಳ್ಳೆಯ ನಾಟಾವನ್ನು ಸೌದೆಗೆ ಸೀಳುವವರೂ ಇದ್ದಾರೆ.

ಚಕ್ರದ ಮೇಲೆ ಕೂತು ಮರ ಇದ್ದಲ್ಲಿಗೇ ಬರುವ ಗರಗಸದ ಯಂತ್ರ ಹುಟ್ಟಿಕೊಂಡದ್ದು ಈ ಕಷ್ಟಕ್ಕಾಗಿಯೇ. ಯಂತ್ರವೇನೋ ಜಾಣತನದ್ದು, ಕಲಿಯುವುದೂ ಬಹಳ ಕಷ್ಟವಲ್ಲ. ಆದರೆ ಹಲಗೆಯ ಯೋಗ್ಯತೆ ಅರ್ಧ ಮಾತ್ರ ಗರಗಸದ ಹತ್ತಿರ ತೀರ್ಮಾನವಾಗುತ್ತದೆ. ಉಳಿದರ್ಧ ತೀರ್ಮಾನವಾಗುವುದು ಕೊಯ್ದ ಹಲಗೆಯನ್ನು ಹೇಗೆ ಪೇರಿಸಿಟ್ಟಿರಿ ಎಂಬುದರ ಮೇಲೆ. ನಮ್ಮಲ್ಲಿ ಕೈಬಿಟ್ಟುಹೋಗಿರುವುದು ಈ ಎರಡನೆಯ ಕೆಲಸ.

ಮೊದಲು ಯಂತ್ರವನ್ನು ನೋಡೋಣ. ಊರಿನ ಸಾಮಿಲ್ಲಿನಲ್ಲಿ ಗರಗಸ ಒಂದು ಕಡೆ ನಿಂತಿರುತ್ತದೆ, ದಿಮ್ಮಿಯನ್ನು ಟ್ರಾಲಿಯ ಮೇಲಿಟ್ಟು ಅದರತ್ತ ತಳ್ಳುತ್ತಾರೆ. ಸಂಚಾರಿ ಯಂತ್ರದಲ್ಲಿ ದಿಮ್ಮಿ ಹಳಿಗಳ ನಡುವೆ ಅಲುಗಾಡದಂತೆ ಮಲಗಿರುತ್ತದೆ, ಗರಗಸವೇ ಹಳಿಯ ಮೇಲೆ ಸಾಗಿ ಅದನ್ನು ಕೊಯ್ಯುತ್ತದೆ. ಎರಡು ಚಕ್ರಗಳಿಗೆ ಬಿಗಿಯಾಗಿ ಸುತ್ತಿದ ಹಲ್ಲಿನ ಉಕ್ಕಿನ ಪಟ್ಟಿ, ಅದನ್ನು ತಿರುಗಿಸುವ ಎಂಜಿನ್ನು, ಪಟ್ಟಿ ಅತ್ತಿತ್ತ ಹೋಗದಂತೆ ಹಿಡಿಯುವ ಉರುಳೆಗಳು, ಅಂಟು ಹಿಡಿಯದಂತೆ ಅದರ ಮೇಲೆ ತೊಟ್ಟಿಕ್ಕುವ ನೀರು, ಎತ್ತರ ತೋರಿಸುವ ಅಳತೆಪಟ್ಟಿ ಇಷ್ಟೇ ಮುಖ್ಯ ಭಾಗಗಳು. ಇಂಥ ಪಟ್ಟಿ ಗರಗಸಕ್ಕೆ ಇಂಗ್ಲೆಂಡಿನ ವಿಲಿಯಂ ನ್ಯೂಬೆರಿ 1808ರಲ್ಲೇ ಪೇಟೆಂಟ್ ಪಡೆದಿದ್ದ. ಆದರೆ ಉಕ್ಕಿನ ಪಟ್ಟಿಯ ಎರಡು ತುದಿಗಳನ್ನು ಮುರಿಯದಂತೆ ಬೆಸೆಯುವುದು ಆಗ ಯಾರಿಗೂ ಸಾಧ್ಯವಾಗಲಿಲ್ಲ. ಆ ತೊಡಕು ಬಿಡಿಸಿದವಳು ಫ್ರಾನ್ಸಿನ ಆನ್ ಪೋಲಿನ್ ಕ್ರೆಪಿನ್ ಎಂಬ ಹೆಣ್ಣುಮಗಳು, 1846ರಲ್ಲಿ. ತೆಳು ಪಟ್ಟಿಯ ಈ ಗರಗಸವನ್ನು ಗಾಡಿಯ ಮೇಲೆ ಕೂರಿಸಿ ರೈತರ ಜಮೀನಿಗೆ ತಲುಪಿಸುವ ಕೆಲಸ ಬಿರುಸಾದದ್ದು 1982ರಲ್ಲಿ ಅಮೆರಿಕದ ಇಂಡಿಯಾನಾಪೊಲಿಸ್‌ನಲ್ಲಿ ಶುರುವಾದ ವುಡ್-ಮೈಸರ್‌ನಂಥ ಕಂಪನಿಗಳಿಂದ.

ಪಟ್ಟಿ ತೆಳುವಾಗಿದ್ದರೆ ಲಾಭ ಏನು ಎಂದು ಲೆಕ್ಕ ಹಾಕಿ ನೋಡಿ. ಗರಗಸ ಓಡಿದ ದಾರಿಯ ಮರವೆಲ್ಲ ಹೊಟ್ಟಾಗಿ ಹೋಗುತ್ತದೆ. ದುಂಡು ಗರಗಸ ಸುಮಾರು 6 ಮಿಲಿಮೀಟರ್ ತಿನ್ನುತ್ತದೆ, ಚೈನ್ ಗರಗಸ ಅದಕ್ಕಿಂತಲೂ ಹೆಚ್ಚು, ತೆಳು ಪಟ್ಟಿ ಸುಮಾರು 2 ಮಿಲಿಮೀಟರ್. ಹತ್ತು ಸಲ ಕೊಯ್ದರೆ ದುಂಡು ಗರಗಸಕ್ಕೆ 60 ಮಿಲಿಮೀಟರ್ ಬಲಿ, ಅಂದರೆ ಒಂದಂಗುಲದ ಎರಡು ಹಲಗೆಗಿಂತ ಹೆಚ್ಚು. ಪಟ್ಟಿಗೆ 20 ಮಿಲಿಮೀಟರ್, ಒಂದು ಹಲಗೆಯೂ ಪೂರ್ತಿ ಇಲ್ಲ. ತೇಗದಂಥ ಮರದಲ್ಲಿ ಇದು ಸಣ್ಣ ಮಾತಲ್ಲ.

ಕಲಿಯುವವರು ಮೊದಲು ಕಲಿಯಬೇಕಾದದ್ದು ದಿಮ್ಮಿಯನ್ನು ನೋಡುವುದು. ಬದುವಿನ ಮರಕ್ಕೆ ಹಿಂದೆ ಎಂದೋ ಬೇಲಿಯ ಮುಳ್ಳುತಂತಿ ಬಿಗಿದಿರುತ್ತಾರೆ, ಮೊಳೆ ಹೊಡೆದಿರುತ್ತಾರೆ. ಮರ ಅದನ್ನು ನುಂಗಿ ಮೇಲೆ ಬೆಳೆದಿರುತ್ತದೆ. ಒಂದು ಮೊಳೆ ಸಾಕು, ಪಟ್ಟಿಯ ಹಲ್ಲೆಲ್ಲ ಹೋಗುತ್ತದೆ. ಬುಡದ ನಾಲ್ಕೈದು ಅಡಿಯನ್ನು ಲೋಹಶೋಧಕದಿಂದ ತಡಕಿ ನೋಡುವುದು ಜಾಣತನ. ತೊಗಟೆಗೆ ಮೆತ್ತಿದ ಮಣ್ಣು ಮರಳನ್ನೂ ಕೆರೆದು ತೆಗೆಯಬೇಕು, ಹಲ್ಲು ಮೊಂಡಾಗುವುದು ಹೆಚ್ಚಾಗಿ ಅದರಿಂದಲೇ. ಮೊಂಡು ಪಟ್ಟಿಯನ್ನು ಬಲವಂತವಾಗಿ ತಳ್ಳಿದರೆ ಅದು ಒಳಗೆ ಮೇಲಕ್ಕೂ ಕೆಳಕ್ಕೂ ಅಲೆದು, ಹಲಗೆ ಏರಿಳಿತವಾಗಿ ಹೊರಬರುತ್ತದೆ. ಆಗ ಯಂತ್ರವನ್ನು ಬೈಯದೆ ಪಟ್ಟಿ ಬದಲಿಸಿ, ನಿಧಾನಿಸಿ. ಪಟ್ಟಿ ತುಂಡಾದರೆ ಅದು ಓಡುತ್ತಿದ್ದ ನೇರಕ್ಕೇ ಚಿಮ್ಮುತ್ತದೆ, ಆ ಸಾಲಿನಲ್ಲಿ ಯಾರೂ ನಿಲ್ಲಕೂಡದು.

ದಪ್ಪದ ಲೆಕ್ಕವನ್ನೂ ಕೊಯ್ಯುವ ಮೊದಲೇ ಮಾಡಬೇಕು. ಒಣಗಿದ ಮೇಲೆ 25 ಮಿಲಿಮೀಟರ್ ಹಲಗೆ ಬೇಕಾದರೆ ಕುಗ್ಗುವುದಕ್ಕೂ ಹತ್ರಿ ಹೊಡೆಯುವುದಕ್ಕೂ ಎರಡು ಮೂರು ಮಿಲಿಮೀಟರ್ ಸೇರಿಸಿ, ಗರಗಸ ತಿನ್ನುವುದನ್ನೂ ಕೂಡಿಸಿ, ಪ್ರತಿ ಸಲವೂ ಗರಗಸವನ್ನು ಅಷ್ಟು ಇಳಿಸಬೇಕು. ಮರದ ನಟ್ಟನಡುವಿನ ತಿರುಳು ಹಲಗೆಯಲ್ಲಿ ಉಳಿಯದಂತೆ ನೋಡಿಕೊಳ್ಳಿ. ತಿರುಳಿದ್ದ ಹಲಗೆ ಒಣಗುವಾಗ ಉದ್ದಕ್ಕೂ ಬಿರಿಯುತ್ತದೆ. ನೀಲಗಿರಿಯ ದಿಮ್ಮಿಯಲ್ಲಂತೂ ಬೆಳೆಯುವಾಗಲೇ ಕೂಡಿಟ್ಟ ಸೆಳೆತ ಎಷ್ಟಿರುತ್ತದೆಂದರೆ ಗರಗಸ ಇನ್ನೂ ಒಳಗಿರುವಾಗಲೇ ಹಲಗೆ ಬಿಲ್ಲಾಗಿ ಏಳಬಹುದು. ಅಂಥದ್ದನ್ನು ಒಂದೇ ಕಡೆಯಿಂದ ಕೊಯ್ಯುತ್ತ ಹೋಗದೆ ಎದುರುಬದುರು ಮಗ್ಗುಲು ತಿರುಗಿಸಿ ಕೊಯ್ಯಬೇಕು.

ಇನ್ನು ನೀರಿನ ವಿಷಯ. ಏಳು ಅಡಿ ಉದ್ದ, ಒಂದಡಿ ಅಗಲ, ಒಂದಂಗುಲ ದಪ್ಪದ ಒಂದು ಸಾಧಾರಣ ಹಲಗೆ ತೆಗೆದುಕೊಳ್ಳಿ. ಅದರ ಮರವಷ್ಟೇ 8 ಕಿಲೋ ಇದೆ, ತೇವಾಂಶ ಶೇ. 80 ಎಂದುಕೊಳ್ಳೋಣ. ತೇವಾಂಶವನ್ನು ಅಳೆಯುವುದು ಪೂರ್ತಿ ಒಣಗಿದ ಮರದ ತೂಕಕ್ಕೆ ಹೋಲಿಸಿ, ಆದ್ದರಿಂದ ಅದು ಶೇ. 100 ದಾಟುವುದೂ ಉಂಟು. ಈ ಒಂದು ಹಲಗೆಯಲ್ಲಿ 6.4 ಲೀಟರ್ ನೀರಿದೆ. ಅದು ಶೇ. 12ಕ್ಕೆ ಇಳಿಯಬೇಕಾದರೆ ಐದು ಲೀಟರಿಗೂ ಹೆಚ್ಚು ನೀರು ಗಾಳಿಗೆ ಹೋಗಬೇಕು. ಇಪ್ಪತ್ತು ಹಲಗೆಯ ಒಂದು ಸಣ್ಣ ಅಟ್ಟಿ ನೂರು ಲೀಟರ್ ನೀರು ಬಿಡಬೇಕು.

ಆ ನೀರು ಎರಡು ಜಾಗದಲ್ಲಿದೆ. ಮರದ ಕೋಶಗಳ ಪೊಳ್ಳಿನಲ್ಲಿ ತುಂಬಿಕೊಂಡದ್ದು ಮೊದಲು ಹೋಗುತ್ತದೆ. ಅದು ಹೋದಾಗ ಹಲಗೆ ಹಗುರಾಗುತ್ತದೆಯೇ ಹೊರತು ಸಾಮಾನ್ಯವಾಗಿ ಕುಗ್ಗುವುದಿಲ್ಲ. ತೇವಾಂಶ ಶೇ. 30ರ ಹತ್ತಿರ ಬಂದ ಮೇಲೆ ಕೋಶದ ಗೋಡೆಯೊಳಗೆ ಸೇರಿಕೊಂಡ ನೀರು ಹೊರಡುತ್ತದೆ, ಕುಗ್ಗುವುದು ಆಗ ಶುರು. ಎಲ್ಲ ದಿಕ್ಕಿಗೂ ಒಂದೇ ಸಮ ಕುಗ್ಗಿದ್ದರೆ ಯಾವ ತಕರಾರೂ ಇರುತ್ತಿರಲಿಲ್ಲ. ತೇಗ ಹಸಿಯಿಂದ ಪೂರ್ತಿ ಒಣಗುವಷ್ಟರಲ್ಲಿ ವಾರ್ಷಿಕ ಉಂಗುರದ ಗುಂಟ ಸುಮಾರು ಶೇ. 5.8, ತಿರುಳಿನಿಂದ ತೊಗಟೆಯ ಕಡೆಗೆ ಸುಮಾರು ಶೇ. 2.5 ಕುಗ್ಗುತ್ತದೆ, ಉದ್ದಕ್ಕೆ ಇಲ್ಲವೆನ್ನುವಷ್ಟು ಕಡಿಮೆ. ಕುಗ್ಗುವುದರಲ್ಲಿ ಅತ್ಯಂತ ಸಭ್ಯ ಮರಗಳಲ್ಲಿ ಒಂದಾದ ತೇಗದ ಕಥೆ ಇದು. ಇಷ್ಟಿದ್ದೂ, ಒಂದಡಿ ಅಗಲದ ಹಸಿ ತೇಗದ ಹಲಗೆ ಶೇ. 12ಕ್ಕೆ ಬರುವಷ್ಟರಲ್ಲಿ ಕೊಯ್ದ ರೀತಿಗೆ ತಕ್ಕಂತೆ ನಾಲ್ಕೈದರಿಂದ ಹತ್ತು ಮಿಲಿಮೀಟರ್ ಅಗಲ ಕಳೆದುಕೊಳ್ಳುತ್ತದೆ. ಬಾಗಿಲಿನ ಹಲಗೆಗಳ ನಡುವೆ ಬೆರಳು ತೂರುವಷ್ಟು ಸಂದು ಬೀಳುವುದು, ಹಲಗೆ ದೋಣಿಯಂತೆ ಬಾಗುವುದು ಹೀಗೆ. ಬಡಗಿಯ ಕೈಗುಣ ಎಷ್ಟೇ ಚೆನ್ನಾಗಿದ್ದರೂ ಹಸಿ ಮರಕ್ಕೆ ಅವರೇನೂ ಮಾಡಲಾರರು.

ಹಾಗಾದರೆ ಬಿಸಿಲಿಗೆ ಹಾಕಿ ಬೇಗ ಒಣಗಿಸಿಬಿಡೋಣ ಎಂದು ಅಡಿಕೆ ಬೆಳೆಯುವ ನಾಡಿನವರಿಗೆ ಅನ್ನಿಸುವುದು ಸಹಜ. ಬೇಯಿಸಿದ ಅಡಿಕೆಗೆ ಕಣದ ಬಿಸಿಲು ಎಷ್ಟು ಒಳ್ಳೆಯದೋ ಹಸಿ ಹಲಗೆಗೆ ಅಷ್ಟೇ ಕೆಟ್ಟದ್ದು. ಹೊರಮೈ ಒಣಗಿ ಕುಗ್ಗತೊಡಗುತ್ತದೆ, ಒಳಗಿನ್ನೂ ನೀರು ತುಂಬಿಕೊಂಡು ಕದಲದೆ ಕೂತಿರುತ್ತದೆ. ಆ ಜಗ್ಗಾಟಕ್ಕೆ ಮೈಯೆಲ್ಲ ಬಿರುಕು. ಮರಕ್ಕೆ ಬೇಕಾದದ್ದು ನೆರಳು ಮತ್ತು ಎಡೆಬಿಡದೆ ಆಡುವ ಗಾಳಿ.

ಅಟ್ಟಿ ಕಟ್ಟುವುದು ಅದಕ್ಕಾಗಿ. ನೆಲ ಗಟ್ಟಿಯಿರಲಿ, ಹುಲ್ಲು ಬೇಡ. ಸಿಮೆಂಟ್ ಇಟ್ಟಿಗೆಯ ಕಂಬಗಳ ಮೇಲೆ ನೆಲದಿಂದ ಒಂದು, ಒಂದೂವರೆ ಅಡಿ ಎತ್ತರಕ್ಕೆ ಅಡ್ಡತೊಲೆ ಇಟ್ಟು, ದಾರ ಹಿಡಿದು ಮಟ್ಟ ನೋಡಿ. ತಳ ಸೊಟ್ಟಗಿದ್ದರೆ ಹಲಗೆ ಆ ಸೊಟ್ಟವನ್ನೇ ಕಲಿತು ಒಣಗುತ್ತದೆ, ಆಮೇಲೆ ಯಾವ ಹತ್ರಿಯೂ ಅದನ್ನು ಬಿಡಿಸದು. ಒಂದು ಸಾಲು ಹಲಗೆ ಹರವಿ ನಡುವೆ ಬೆರಳಗಲ ಸಂದು ಬಿಡಿ. ಅದರ ಮೇಲೆ ಒಣ ಮರದ ಒಂದಂಗುಲದ ಪಟ್ಟಿಗಳನ್ನು ಒಂದೂವರೆ ಎರಡು ಅಡಿಗೊಂದರಂತೆ ಅಡ್ಡಲಾಗಿ ಇಡಿ, ತೆಳು ಹಲಗೆಗೆ ಇನ್ನೂ ಹತ್ತಿರ. ಮತ್ತೆ ಹಲಗೆ, ಮತ್ತೆ ಪಟ್ಟಿ. ಕೆಳಗಿನ ಪಟ್ಟಿಯ ನೇರಕ್ಕೇ ಮೇಲಿನ ಪಟ್ಟಿ ಬರಬೇಕು, ಅದರಡಿಯಲ್ಲೇ ಅಡ್ಡತೊಲೆಯೂ ಇರಬೇಕು. ಈ ಒಂದು ನಿಯಮ ತಪ್ಪಿದರೆ ಮೇಲಿನ ಭಾರವೆಲ್ಲ ಹಲಗೆಯ ಬರಿಮೈ ಮೇಲೆ ಬಿದ್ದು ಅದು ತೊಟ್ಟಿಲಾಗುತ್ತದೆ. ಕೈಗೆ ಸಿಕ್ಕಿದ ಅಡಿಕೆ ದಬ್ಬೆಯ ಚೂರುಗಳನ್ನು ಪಟ್ಟಿಯಾಗಿ ಬಳಸುವುದು ಬೇಡ, ಅವುಗಳ ದಪ್ಪ ಒಂದೇ ಸಮ ಇರುವುದಿಲ್ಲ. ಹಸಿ ಪಟ್ಟಿಯೂ ಬೇಡ, ಹಲಗೆಯ ಮೇಲೆ ಕಲೆ ಉಳಿಯುತ್ತದೆ.

ಹಲಗೆಯ ಎರಡು ತುದಿಗಳಿಂದ ನೀರು ಮೈಗಿಂತ ಎಷ್ಟೋ ಪಾಲು ಬೇಗ ಹೋಗುತ್ತದೆ, ತುದಿ ಸೀಳುವುದು ಅದಕ್ಕೇ. ಕೊಯ್ದ ದಿನವೇ ತುದಿಗಳಿಗೆ ಬಣ್ಣವನ್ನೋ ಕರಗಿಸಿದ ಮೇಣವನ್ನೋ ದಪ್ಪಗೆ ಬಳಿಯಿರಿ. ಮೇಲೆ ತಗಡು ಮುಚ್ಚಿ, ಅದರ ಮೇಲೆ ಕಲ್ಲಿನ ಭಾರ ಹೇರಿ, ನಾಲ್ಕು ಮಗ್ಗುಲು ತೆರೆದಿರಲಿ. ಟಾರ್ಪಾಲು ಸುತ್ತಿ ಕಟ್ಟಿದರೆ ಒಳಗಿನ ಆವಿ ಅಲ್ಲೇ ನಿಂತು ಬೂಸಲು ಹಿಡಿಯುತ್ತದೆ. ಚೇಗಿನ ಸುತ್ತಲಿನ ಬಿಳಿ ಮರದಲ್ಲಿ ಸಕ್ಕರೆ, ಪಿಷ್ಟ ಇರುವುದರಿಂದ ಬೂಸಲಿಗೂ ಕೊರೆಯುವ ಹುಳುವಿಗೂ ಅದೇ ಊಟ. ಹೆಬ್ಬೇವು, ಮಾವಿನಂಥ ಮರಗಳನ್ನು ಹಸಿಯಿದ್ದಾಗಲೇ ಬೋರಾಕ್ಸ್ ಮತ್ತು ಬೋರಿಕ್ ಆಮ್ಲದ ನೀರಿನಲ್ಲಿ ಅದ್ದಿದರೆ ಅದು ಮರದೊಳಗೆ ಇಳಿಯುತ್ತದೆ. ಮಳೆಗೆ ನೆನೆಯುವ ಕಡೆ ಮಾತ್ರ ಈ ಉಪಾಯ ನಿಲ್ಲದು, ನೀರಿನೊಂದಿಗೆ ತೊಳೆದುಹೋಗುತ್ತದೆ.

ಗಾಳಿ ಎಷ್ಟು ಒಣಗಿದೆಯೋ ಮರ ಅಷ್ಟೇ ಒಣಗುತ್ತದೆ. ಗಾಳಿಯ ತೇವ ಶೇ. 65 ಇದ್ದರೆ ಮರ ಶೇ. 12ರ ಹತ್ತಿರ ನಿಲ್ಲುತ್ತದೆ, ಶೇ. 80ಕ್ಕೆ ಏರಿದರೆ ಮರವೂ 16ಕ್ಕೆ ಏರುತ್ತದೆ. ಆದ್ದರಿಂದ ಕೊಯ್ಯುವುದಕ್ಕೆ ನಮ್ಮ ಸೀಮೆಯಲ್ಲಿ ಒಳ್ಳೆಯ ಕಾಲ ಮಳೆ ಹಿಂದಾದ ಕಾರ್ತಿಕ, ಮಾರ್ಗಶಿರ. ಚಳಿಗಾಲದ ತಂಪಿನಲ್ಲಿ ಮೊದಲ ನೀರು ಮೆಲ್ಲಗೆ ಹೋಗಿ, ಬೇಸಿಗೆ ಬರುವಷ್ಟರಲ್ಲಿ ಹಲಗೆ ಆ ಝಳ ತಡೆಯುವಷ್ಟು ಪಕ್ವವಾಗಿರುತ್ತದೆ. ಒಣಗಿತೋ ಇಲ್ಲವೋ ತಿಳಿಯಲು ಅಟ್ಟಿಯ ಒಂದು ಹಲಗೆಗೆ ಗುರುತು ಹಾಕಿ ತಿಂಗಳಿಗೊಮ್ಮೆ ತೂಗಿ ಬರೆದಿಡಿ, ತೂಕ ಇಳಿಯುವುದು ನಿಂತಿತೆಂದರೆ ಸಾಕು. ಮರ ಒಣಗಿಸುವ ವಿದ್ಯೆಯನ್ನು ಶಾಸ್ತ್ರೀಯವಾಗಿ ಕಲಿಯಬೇಕೆನ್ನುವವರಿಗೆ ಬೆಂಗಳೂರಿನ ಮಲ್ಲೇಶ್ವರದಲ್ಲಿ ಕೇಂದ್ರ ಸರ್ಕಾರದ ಮರ ವಿಜ್ಞಾನ ಮತ್ತು ತಂತ್ರಜ್ಞಾನ ಸಂಸ್ಥೆ ಇದೆ, 1938ರಲ್ಲಿ ಅರಣ್ಯ ಸಂಶೋಧನಾ ಪ್ರಯೋಗಾಲಯವಾಗಿ ಆರಂಭವಾದದ್ದು.

ಕಾನೂನನ್ನು ಮರೆಯುವಂತಿಲ್ಲ. 1976ರ ಕರ್ನಾಟಕ ವೃಕ್ಷ ಸಂರಕ್ಷಣಾ ಕಾಯ್ದೆಯಡಿ ಸ್ವಂತ ಜಮೀನಿನ ತೇಗ ಕಡಿಯಲೂ ಅನುಮತಿ ಬೇಕು. ಸಿಲ್ವರ್ ಓಕ್, ನೀಲಗಿರಿ, ಸರ್ವೆಯಂಥ ಕೆಲವಕ್ಕೆ ವಿನಾಯಿತಿ ಉಂಟು. ಕಾಡಿನ ರಕ್ಷಣೆಗೆ ಸಂಬಂಧಿಸಿದ ಗೋದಾವರ್ಮನ್ ಪ್ರಕರಣದಲ್ಲಿ ಸುಪ್ರೀಂ ಕೋರ್ಟು 2002ರಲ್ಲಿ ಕೊಟ್ಟ ಆದೇಶದ ನಂತರ ಹೊಸ ಸಾಮಿಲ್ಲು ತೆರೆಯುವುದಂತೂ ಬಹಳ ಬಿಗಿಯಾಗಿದೆ. ಹಾಗಾಗಿ ಸಂಚಾರಿ ಯಂತ್ರ ಕೊಳ್ಳುವ ಆಲೋಚನೆ ಇರುವವರು ದುಡ್ಡು ಕಟ್ಟುವ ಮೊದಲೇ ವಲಯ ಅರಣ್ಯಾಧಿಕಾರಿಯ ಕಚೇರಿಗೆ ಹೋಗಿ ಲಿಖಿತವಾಗಿ ಕೇಳಿ ತಿಳಿದುಕೊಳ್ಳಬೇಕು.

ಯಂತ್ರ ಇಲ್ಲದವರೂ ಅಟ್ಟಿ ಕಟ್ಟಬಹುದು, ಅದಕ್ಕೆ ಯಾರ ಪರವಾನಗಿಯೂ ಬೇಡ. ಬರುವ ವರ್ಷ ಮನೆ ಕಟ್ಟಿಸಬೇಕೆಂದಿರುವವರು ಬಾಗಿಲು ಕಿಟಕಿಯ ಮರವನ್ನು ಈ ದೀಪಾವಳಿ ಕಳೆಯುತ್ತಲೇ ಕೊಯ್ಯಿಸಿ, ತುದಿಗೆ ಬಣ್ಣ ಬಳಿದು, ನೆರಳಲ್ಲಿ ಪೇರಿಸಿಡಿ. ಪಾಯ ತೋಡಿದ ಮೇಲೆ ಮರ ಹುಡುಕಬೇಡಿ.