ಕಮಾನಿನಿಂದ ವಾದ್ಯವೃಂದ ಕಟ್ಟಿದ ಅಬನೆಕ್

ತಾನೇನೂ ನುಡಿಸದೆ, ಕೈಯ ಕೋಲಿನಿಂದಲೇ ಇಡೀ ವಾದ್ಯವೃಂದವನ್ನು ನಡೆಸುವ ಸಂಚಾಲಕನ ಹುದ್ದೆ ಯುರೋಪಿನಲ್ಲಿ ನೆಲೆಗೊಂಡದ್ದು ಹತ್ತೊಂಬತ್ತನೆಯ ಶತಮಾನದಲ್ಲಿ. ಅದಕ್ಕೆ ಮೊದಲು ಆ ಹೊಣೆ ಮುಂದಿನ ಸಾಲಿನ ಪಿಟೀಲುಗಾರನದೋ ಕೀಲಿಮಣೆ ವಾದ್ಯಗಾರನದೋ ಆಗಿರುತ್ತಿತ್ತು. ಈ ಎರಡೂ ಪದ್ಧತಿಗಳ ನಡುವೆ ನಿಂತು ಕೆಲಸ ಮಾಡಿದವನು ಪ್ಯಾರಿಸ್ಸಿನ ಫ್ರಾಂಸ್ವಾ ಆಂತ್ವಾನ್ ಅಬನೆಕ್ (1781–1849).

ಪ್ಯಾರಿಸ್ ಕನ್ಸರ್ವೇಟರಿ ಎಂಬ ಸಂಗೀತ ಶಾಲೆಯಲ್ಲಿ ಪಿಯೆರ್ ಬೈಯೋನ ಶಿಷ್ಯನಾಗಿ 1804ರಲ್ಲಿ ಪಿಟೀಲಿನ ಪ್ರಥಮ ಬಹುಮಾನ ಪಡೆದ ಅಬನೆಕ್, ಮುಂದೆ ಪ್ಯಾರಿಸ್ಸಿನ ಒಪೆರಾದಲ್ಲಿ ಸಂಚಾಲಕನಾಗಿ ದುಡಿದನಾದರೂ, ಅವನ ಹೆಸರು ಉಳಿದಿರುವುದು ಮುಖ್ಯವಾಗಿ 1828ರಲ್ಲಿ ಆರಂಭವಾದ ಕನ್ಸರ್ವೇಟರಿಯ ಕಛೇರಿ ಸಂಘದಿಂದ. ಸಂಸ್ಥೆಯ ಅಧ್ಯಾಪಕರು ಮತ್ತು ಹಳೆಯ ವಿದ್ಯಾರ್ಥಿಗಳೇ ಸದಸ್ಯರಾಗಿದ್ದ ಈ ಸಂಘದ ಮೊದಲ ಕಛೇರಿ ಅದೇ ವರ್ಷದ ಮಾರ್ಚ್ 9ರಂದು, ಬೀಥೋವನ್ ತೀರಿಕೊಂಡು ಇನ್ನೂ ವರ್ಷ ತುಂಬದಿದ್ದಾಗ, ಅವನ 'ಎರೋಯಿಕಾ' ಸಿಂಫನಿಯೊಂದಿಗೆ ನಡೆಯಿತು. ಸಿಂಫನಿ ಎಂದರೆ ಸಾಮಾನ್ಯವಾಗಿ ನಾಲ್ಕು ಭಾಗಗಳುಳ್ಳ, ವಾದ್ಯವೃಂದಕ್ಕೆಂದೇ ರಚಿಸಿದ ದೀರ್ಘ ಕೃತಿ.

ಅಬನೆಕ್ ತಾಳ ಸೂಚಿಸುತ್ತಿದ್ದುದು ಪಿಟೀಲಿನ ಕಮಾನಿನಿಂದ. ಎಲ್ಲ ವಾದ್ಯಗಳ ಪಾಲನ್ನೂ ಒಂದರ ಕೆಳಗೊಂದು ಬರೆದ ಪೂರ್ಣ ಸ್ವರಲಿಪಿಯನ್ನು ಬಳಸದೆ, ಮೊದಲ ಪಿಟೀಲಿನ ಪಾಲನ್ನು ಬರೆದು, ಉಳಿದ ವಾದ್ಯಗಳು ಪ್ರವೇಶಿಸುವ ಎಡೆಗಳನ್ನು ಸಣ್ಣ ಸ್ವರಗಳಲ್ಲಿ ಗುರುತಿಸಿದ ಪ್ರತಿಯೊಂದನ್ನೇ ಮುಂದಿಟ್ಟುಕೊಳ್ಳುತ್ತಿದ್ದ. ಇಂದಿನ ಕಣ್ಣಿಗೆ ಇದೊಂದು ಕೊರತೆಯೇ ಸರಿ. ಅದನ್ನು ತುಂಬಿಕೊಟ್ಟದ್ದು ತಾಲೀಮು. ಬೀಥೋವನ್ನನ ಒಂಬತ್ತನೆಯ ಸಿಂಫನಿಯನ್ನು ಸಂಘವು 1831ರಲ್ಲಿ ಪ್ಯಾರಿಸ್ಸಿಗೆ ಮೊದಲ ಬಾರಿ ಕೇಳಿಸಿತು. 1839ರಲ್ಲಿ ಅದೇ ಕೃತಿಯನ್ನು ಈ ವೃಂದದಿಂದ ಕೇಳಿದ ಜರ್ಮನ್ ಸಂಗೀತ ರಚನಕಾರ ರಿಚರ್ಡ್ ವಾಗ್ನರ್, ಅದು ಮೂರು ವರ್ಷಗಳ ಅಭ್ಯಾಸದ ಫಲವೆಂದೂ, ಅಬನೆಕ್ ಪ್ರತಿಭಾಶಾಲಿಯಲ್ಲದಿದ್ದರೂ ವಾದಕರಿಂದ ರಾಗದ ಎಳೆಯನ್ನು ಹಾಡಿದಂತೆ ನುಡಿಸಿ ಸರಿಯಾದ ಲಯವನ್ನು ಹಿಡಿದನೆಂದೂ ಮೂವತ್ತು ವರ್ಷಗಳ ಬಳಿಕ ಬರೆದ. ಹೊಗಳಿಕೆ ಅಪರೂಪವಾಗಿದ್ದ ಲೇಖನಿಯಿಂದ ಬಂದ ಮಾತಿದು.

ಫ್ರೆಂಚ್ ಸಂಗೀತ ರಚನಕಾರ ಬೆರ್ಲಿಯೋಜ್‌ನ ಆತ್ಮಕಥನದ ಚಿತ್ರ ಬೇರೆ: 1837ರಲ್ಲಿ ತನ್ನ 'ರೆಕ್ವಿಯೆಮ್' ಕೃತಿಯ ಪ್ರಥಮ ಪ್ರಯೋಗದಲ್ಲಿ, ನಾಲ್ಕು ದಿಕ್ಕಿನ ಹಿತ್ತಾಳೆ ವಾದ್ಯಗಳು ಒಟ್ಟಿಗೆ ಮೊಳಗಬೇಕಾದ ಘಳಿಗೆಯಲ್ಲೇ ಅಬನೆಕ್ ಕೈ ನಿಲ್ಲಿಸಿ ನಶ್ಯದ ಡಬ್ಬಿ ತೆಗೆದನಂತೆ, ಆಗ ಬೆರ್ಲಿಯೋಜ್ ತಾನೇ ಮುನ್ನುಗ್ಗಿ ತಾಳ ಹಿಡಿದನಂತೆ. ಈ ಕಥೆಯನ್ನು ಅನುಮಾನಿಸುವ ವಿದ್ವಾಂಸರಿದ್ದಾರೆ. 1830ರಲ್ಲಿ ಬೆರ್ಲಿಯೋಜ್‌ನ 'ಫ್ಯಾಂಟಾಸ್ಟಿಕ್ ಸಿಂಫನಿ'ಯನ್ನು ಮೊದಲು ನಡೆಸಿಕೊಟ್ಟವನೂ ಅಬನೆಕ್ಕನೇ ಎಂಬುದಕ್ಕೆ ಮಾತ್ರ ನಶ್ಯದಷ್ಟು ಪ್ರಚಾರ ಸಿಕ್ಕಿಲ್ಲ.

ಅಧ್ಯಾಪಕನಾಗಿಯೂ ಅವನ ಪರಂಪರೆ ದೊಡ್ಡದು. ಶಿಷ್ಯ ಅಲಾರ್‌ನ ಮೂಲಕ ಅದು ಪಿಟೀಲುಗಾರ ಸರಸಾತೆಯವರೆಗೆ ಹರಿಯಿತು; ಇನ್ನೊಬ್ಬ ಶಿಷ್ಯ ಡೆಲ್ಡೆವೆಜ್, ಮುಂದೆ ಅದೇ ಸಂಘದ ಸಂಚಾಲಕನಾಗಿ, 1878ರಲ್ಲಿ ಸಂಚಾಲನ ಕಲೆಯನ್ನು ಕುರಿತು ಗ್ರಂಥವನ್ನೇ ಬರೆದ. ಸಂಘ 1967ರವರೆಗೆ ನಡೆದು, ಆ ವರ್ಷ ರೂಪುಗೊಂಡ ಆರ್ಕೆಸ್ಟ್ರ್ ದ ಪಾರಿ ಎಂಬ ವಾದ್ಯವೃಂದಕ್ಕೆ ತನ್ನ ಸ್ಥಾನವನ್ನು ಬಿಟ್ಟುಕೊಟ್ಟಿತು.